ವಾಟ್ಸ್ಆ್ಯಪ್‌ನಲ್ಲಿ ಕರೆದ ಮಹಾಸಭೆ: ಮಾಟುಂಗದ ಒಂದು ಹೋಟೆಲ್ ಕಂಪನಿಯ ಪ್ರಕರಣ

ಇಲ್ಲಿ ವಿವರಿಸಿರುವುದು ಯಾವುದೇ ಒಂದು ಕಂಪನಿಯ ಚರಿತ್ರೆಯಲ್ಲ. ಮುಂಬೈಯಲ್ಲಿ ಕನ್ನಡಿಗರು ನಡೆಸುವ ಕುಟುಂಬ ಕಂಪನಿಗಳಲ್ಲಿ ಎದುರಾಗಬಹುದಾದ ಸನ್ನಿವೇಶವೊಂದನ್ನು ಅಧ್ಯಯನಕ್ಕಾಗಿ ಕಟ್ಟಿಕೊಂಡಿದೆ. ವ್ಯಕ್ತಿಗಳು, ಷೇರುಗಳ ಸಂಖ್ಯೆ ಮತ್ತು ಘಟನೆಗಳು ಉದಾಹರಣೆಗಾಗಿ ಬಂದಿವೆ; ಅವುಗಳಿಗೆ ಅನ್ವಯಿಸಿರುವ ಕಾನೂನು ಮಾತ್ರ 2013ರ ಕಂಪನಿಗಳ ಕಾಯ್ದೆಯದು.

ಕಂಪನಿಯ ನೋಂದಾಯಿತ ಕಚೇರಿ ಮಾಟುಂಗದಲ್ಲಿದೆ. ಕುಂದಾಪುರ ಕಡೆಯ ಹಳ್ಳಿಯೊಂದರಿಂದ ಬಂದು, ಹೋಟೆಲಿನಲ್ಲಿ ಕಪ್ಪು ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಹೋಟೆಲು ತೆರೆದ ಹಿರಿಯರೊಬ್ಬರು ತಮ್ಮ ಪಾಲುದಾರಿಕೆಯ ವ್ಯಾಪಾರವನ್ನು 1987ರಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಮಾರ್ಪಡಿಸಿದರು. ಈಗ ಮಾಟುಂಗ, ಚೆಂಬೂರು ಮತ್ತು ಠಾಣೆಯಲ್ಲಿ ಒಂದೊಂದು ಹೋಟೆಲಿದೆ. ಕಂಪನಿಯ ಅಧಿಕೃತ ಬಂಡವಾಳ, ಅಂದರೆ ಷೇರು ಹೊರಡಿಸಬಹುದಾದ ಮಿತಿ, 1 ಕೋಟಿ ರೂಪಾಯಿ. ಪಾವತಿಯಾದ ಬಂಡವಾಳ ತಲಾ 100 ರೂಪಾಯಿಯ 50,000 ಷೇರು, ಅಂದರೆ 50 ಲಕ್ಷ. ವ್ಯವಸ್ಥಾಪಕ ನಿರ್ದೇಶಕನಾಗಿರುವ ಹಿರಿಯ ಮಗನ ಹೆಸರಿನಲ್ಲಿ 20,000, ಪೂರ್ಣಾವಧಿ ನಿರ್ದೇಶಕನಾಗಿ ಠಾಣೆಯ ಹೋಟೆಲು ನೋಡಿಕೊಳ್ಳುವ ಕಿರಿಯ ಮಗನ ಹೆಸರಿನಲ್ಲಿ 12,500, ಮದುವೆಯಾಗಿ ಉಡುಪಿಯಲ್ಲಿ ನೆಲೆಸಿರುವ ಮಗಳ ಹೆಸರಿನಲ್ಲಿ 7,500, ಸ್ಥಾಪಕರ ಸೋದರಳಿಯನ ಹೆಸರಿನಲ್ಲಿ 4,000 ಷೇರುಗಳಿವೆ. ಉಳಿದ 6,000 ಷೇರುಗಳು ಎರಡು ವರ್ಷದ ಹಿಂದೆ ತೀರಿಕೊಂಡ ಸ್ಥಾಪಕರ ಹೆಸರಿನಲ್ಲೇ ಉಳಿದಿವೆ. ಅವುಗಳಿಗೆ ಅವರ ಪತ್ನಿ ನಾಮಿನಿ. ಇಬ್ಬರು ಅಣ್ಣತಮ್ಮಂದಿರು ಮತ್ತು ಸೋದರಳಿಯ ನಿರ್ದೇಶಕರು.

ಜಗಳಕ್ಕೆ ಕಾರಣ ಠಾಣೆಯ ಹೋಟೆಲಿನ ಲೆಕ್ಕಪತ್ರ. ಯಾರ ಆರೋಪದಲ್ಲಿ ಎಷ್ಟು ಹುರುಳಿತ್ತೆಂಬುದು ಈ ಅಧ್ಯಯನಕ್ಕೆ ಬೇಕಿಲ್ಲ, ಏಕೆಂದರೆ ನಿರ್ದೇಶಕನನ್ನು ತೆಗೆದುಹಾಕಲು ಷೇರುದಾರರು ಕಾರಣವನ್ನು ಸಾಬೀತುಪಡಿಸಬೇಕೆಂದು ಕಾನೂನು ಕೇಳುವುದೇ ಇಲ್ಲ.

2024ರ ಆಗಸ್ಟ್ 8, ಗುರುವಾರ, ಹಿರಿಯ ಮಗ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೀಗೆ ಬರೆದ: “18ನೇ ತಾರೀಕು ಆದಿತ್ಯವಾರ ಬೆಳಿಗ್ಗೆ 11ಕ್ಕೆ ಹೋಟೆಲ್ ಮೇಲಿನ ಹಾಲ್‌ನಲ್ಲಿ ಕಂಪನಿ ಮೀಟಿಂಗ್ ಇದೆ. ಎಲ್ಲರೂ ಬನ್ನಿ.” ಉಡುಪಿಯಿಂದ ತಂಗಿ “ಸರಿ ಅಣ್ಣ” ಎಂದು ಉತ್ತರಿಸಿದಳು. ತಮ್ಮ ಕೆಲವು ತಿಂಗಳ ಹಿಂದೆಯೇ ಮುನಿಸಿಕೊಂಡು ಆ ಗುಂಪಿನಿಂದ ಹೊರಬಿದ್ದಿದ್ದ. ಸಭೆಯ ಸುದ್ದಿ ಅವನಿಗೆ ಚೆಂಬೂರಿನ ಮ್ಯಾನೇಜರನ ಬಾಯಿಂದ ತಿಳಿಯಿತು, ಏನು ವಿಷಯವೆಂದು ತಿಳಿಯಲಿಲ್ಲ, ಅವನು ಹೋಗಲಿಲ್ಲ. 18ರಂದು ಅಣ್ಣ, ಸೋದರಳಿಯ ಮತ್ತು ತಾಯಿ ಸೇರಿದರು. ತಮ್ಮನನ್ನು ನಿರ್ದೇಶಕ ಸ್ಥಾನದಿಂದ ತೆಗೆಯುವುದು, ಅಣ್ಣನ ಮಗನಿಗೆ ಮುಖಬೆಲೆಗೆ 40,000 ಹೊಸ ಷೇರುಗಳನ್ನು ಹಂಚುವುದು ಎಂಬ ಎರಡು ನಿರ್ಣಯಗಳನ್ನು ಕೈ ಎತ್ತಿ ಅಂಗೀಕರಿಸಿ, ನಡಾವಳಿಯಲ್ಲಿ “ಸರ್ವಾನುಮತದಿಂದ” ಎಂದು ಬರೆಯಲಾಯಿತು. ಬೇಕಾದ ಫಾರಂಗಳೆಲ್ಲ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಲ್ಲಿಕೆಯಾದವು. ಖಾತೆಯ ಸಹಿದಾರರ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದೆ ಎಂದು ಬ್ಯಾಂಕಿನಿಂದ ಫೋನ್ ಬಂದಾಗಲೇ ತಮ್ಮನಿಗೆ ನಡೆದದ್ದು ಗೊತ್ತಾದದ್ದು.

ತಂಗಿ ಮೊದಲು ಮಾಡಿದ ಕೆಲಸ, ಸಭೆಯ ನಡಾವಳಿಯ ಪ್ರತಿ ಕೇಳಿದ್ದು, ಸರಿಯಾಗಿತ್ತು. ಮಹಾಸಭೆಯ ನಡಾವಳಿ ಪುಸ್ತಕವನ್ನು ಉಚಿತವಾಗಿ ಪರಿಶೀಲಿಸುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಪ್ರತಿ ಬೇಕೆಂದು ಕೇಳಿ ಶುಲ್ಕ ಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಕೊಡಬೇಕು (ಕಲಂ 119). ಬಂದ ಪ್ರತಿಯಲ್ಲಿ ತಾಯಿಯನ್ನು “ಹಾಜರಿದ್ದ ಸದಸ್ಯರು” ಎಂದೂ, ತಂಗಿಗೆ “ಗೈರುಹಾಜರಿಯ ಅನುಮತಿ ನೀಡಲಾಗಿದೆ” ಎಂದೂ ಬರೆದಿತ್ತು. ರಜೆ ಕೊಡುವ ಪದ್ಧತಿ ನಿರ್ದೇಶಕರ ಮಂಡಳಿಯ ಸಭೆಯದು. ಷೇರುದಾರರು ಮಹಾಸಭೆಗೆ ಬರುವುದಕ್ಕೂ ಬಾರದಿರುವುದಕ್ಕೂ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಹಳೆಯ ಮಂಡಳಿ ಸಭೆಯ ನಡಾವಳಿಯೊಂದನ್ನು ನಕಲು ಮಾಡಿ ಹೆಸರು ಬದಲಿಸಿದ್ದಾರೆಂಬ ಅನುಮಾನಕ್ಕೆ ಅಷ್ಟು ಸಾಕು.

ಸಭೆಯನ್ನು ಕರೆದವರು ಯಾರು

ವಾರ್ಷಿಕ ಸಭೆಯಲ್ಲದ ವಿಶೇಷ ಮಹಾಸಭೆಯನ್ನು ಕರೆಯುವ ಅಧಿಕಾರ ಕಲಂ 100ರ ಪ್ರಕಾರ ನಿರ್ದೇಶಕರ ಮಂಡಳಿಗಿದೆ. ವ್ಯವಸ್ಥಾಪಕ ನಿರ್ದೇಶಕ ಎಷ್ಟೇ ದೊಡ್ಡ ಷೇರುದಾರನಾಗಿದ್ದರೂ ಒಬ್ಬನೇ ಮಂಡಳಿಯಾಗಲಾರ. ಮಂಡಳಿ ಸೇರಬೇಕಾದರೆ ಪ್ರತಿಯೊಬ್ಬ ನಿರ್ದೇಶಕನಿಗೂ ಕನಿಷ್ಠ ಏಳು ದಿನ ಮುಂಚಿತವಾಗಿ ಲಿಖಿತ ನೋಟಿಸ್ ಹೋಗಬೇಕು. ಒಬ್ಬ ನಿರ್ದೇಶಕನಿಗೂ ನೋಟಿಸ್ ತಪ್ಪಿದರೆ ಆ ಸಭೆಯ ನಿರ್ಣಯ ಊರ್ಜಿತವಾಗದೆಂದು ಸುಪ್ರೀಂ ಕೋರ್ಟ್ 1973ರಲ್ಲೇ ಪರಮೇಶ್ವರಿ ಪ್ರಸಾದ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪು ದೋಷವಿರುವ ಇಂಥ ಕ್ರಮವನ್ನು ಮುಂದೆ ಕ್ರಮಬದ್ಧವಾಗಿ ಸೇರಿದ ಮಂಡಳಿ ಸ್ಥಿರೀಕರಿಸಬಹುದೆಂದೂ ಹೇಳಿದೆ. ಈ ಕಂಪನಿಯಲ್ಲಿ ಮಂಡಳಿ ಸಭೆಯೇ ನಡೆದಿರಲಿಲ್ಲ, ಆಮೇಲೆ ಸ್ಥಿರೀಕರಣವೂ ಆಗಿರಲಿಲ್ಲ.

ಅಣ್ಣನಿಗೆ ಬೇರೆ ದಾರಿಯೂ ಇತ್ತು. ಮತದ ಹಕ್ಕಿರುವ ಪಾವತಿತ ಬಂಡವಾಳದ ಹತ್ತನೇ ಒಂದು ಭಾಗ ಹೊಂದಿದ ಸದಸ್ಯರು ಸಭೆ ಕರೆಯುವಂತೆ ಮಂಡಳಿಗೆ ಬೇಡಿಕೆ ಪತ್ರ ಕೊಡಬಹುದು. ಪತ್ರ ತಲುಪಿದ 21 ದಿನಗಳೊಳಗೆ ಮಂಡಳಿ, 45 ದಿನಗಳೊಳಗಿನ ಒಂದು ದಿನಕ್ಕೆ ಸಭೆ ಕರೆಯಲು ಮುಂದಾಗದಿದ್ದರೆ, ಬೇಡಿಕೆ ಇಟ್ಟವರೇ ಮೂರು ತಿಂಗಳೊಳಗೆ ಸಭೆ ಸೇರಿಸಬಹುದು, ಅದರ ನ್ಯಾಯವಾದ ಖರ್ಚನ್ನು ಕಂಪನಿ ತುಂಬಿಕೊಡಬೇಕು. ಇಂಥ ಬೇಡಿಕೆಯ ವಿಷಯದಲ್ಲಿ ಷೇರುದಾರ ತನ್ನ ನಿರ್ಣಯಕ್ಕೆ ಕಾರಣ ಕೊಡಬೇಕಾದ್ದಿಲ್ಲವೆಂದು ಎಲ್ಐಸಿ ಮತ್ತು ಎಸ್ಕಾರ್ಟ್ಸ್ ನಡುವಿನ ಪ್ರಕರಣದಲ್ಲಿ 1986ರಲ್ಲಿ ತೀರ್ಮಾನವಾಗಿದ್ದು, 2022ರಲ್ಲಿ ಜೀ ಮತ್ತು ಇನ್ವೆಸ್ಕೊ ವಿವಾದದಲ್ಲಿ ಬಾಂಬೆ ಹೈಕೋರ್ಟಿನ ವಿಭಾಗೀಯ ಪೀಠವೂ ಷೇರುದಾರರ ಈ ಹಕ್ಕನ್ನು ಎತ್ತಿಹಿಡಿದು, ಸಭೆಗೆ ತಡೆ ಕೊಟ್ಟಿದ್ದ ಏಕಸದಸ್ಯ ಪೀಠದ ಆದೇಶವನ್ನು ರದ್ದುಮಾಡಿತು. 40 ಶೇಕಡ ಕೈಯಲ್ಲಿದ್ದವನಿಗೆ ಇದು ಸುಲಭದ ದಾರಿಯಾಗಿತ್ತು.

ಒಂಬತ್ತು ದಿನದ ನೋಟಿಸ್

ಮಹಾಸಭೆಗೆ 21 ಪೂರ್ಣ ದಿನಗಳ ನೋಟಿಸ್ ಬೇಕು (ಕಲಂ 101). ನೋಟಿಸ್ ತಲುಪಿದ ದಿನವನ್ನೂ ಸಭೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆಗಸ್ಟ್ 8 ಮತ್ತು 18ರ ನಡುವೆ ಸಿಗುವುದು ಒಂಬತ್ತೇ ದಿನ. 8ರಂದು ಇಮೇಲ್ ಮೂಲಕ ಕ್ರಮಬದ್ಧ ನೋಟಿಸ್ ಹೋಗಿದ್ದರೂ 30ಕ್ಕೆ ಮೊದಲು ಸಭೆ ನಡೆಸುವಂತಿರಲಿಲ್ಲ. ಆದಿತ್ಯವಾರ ಸಭೆ ಮಾಡಿದ್ದೇ ತಪ್ಪೆಂದು ತಮ್ಮನ ಕಡೆಯವರು ಮೊದಲಿಗೆ ವಾದಿಸಲು ಹೊರಟಿದ್ದರು. ಕಾಯ್ದೆ ನಿಷೇಧಿಸಿರುವುದು ರಾಷ್ಟ್ರೀಯ ರಜಾದಿನದಂದು ವಾರ್ಷಿಕ ಮಹಾಸಭೆ ನಡೆಸುವುದನ್ನು. ಆದಿತ್ಯವಾರದ ವಿಶೇಷ ಮಹಾಸಭೆಗೆ ಅಡ್ಡಿಯಿಲ್ಲ. ಆ ವಾದವನ್ನು ಕೈಬಿಟ್ಟದ್ದು ಒಳ್ಳೆಯದಾಯಿತು.

ಪ್ರೈವೇಟ್ ಕಂಪನಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂಬ ಮಾತು ಅಣ್ಣನ ಕಡೆಯಿಂದ ಬಂತು. ಅರ್ಧ ಸತ್ಯ. 2015ರ ಜೂನ್ 5ರ ಅಧಿಸೂಚನೆಯ ಪ್ರಕಾರ 101ರಿಂದ 107 ಮತ್ತು 109ನೇ ಕಲಂಗಳು, ಕಂಪನಿಯ ಒಳಾಡಳಿತದ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಮಾತ್ರ, ಪ್ರೈವೇಟ್ ಕಂಪನಿಗೂ ಅನ್ವಯಿಸುತ್ತವೆ. ಅಂದರೆ ನೋಟಿಸ್ ಅವಧಿಯನ್ನು ಆರ್ಟಿಕಲ್ಸ್‌ನಲ್ಲಿ ಏಳು ದಿನಕ್ಕೂ ಇಳಿಸಿಕೊಳ್ಳಬಹುದು. ಆದರೆ ಈ ಕಂಪನಿಯ ಆರ್ಟಿಕಲ್ಸ್ 1987ರದು, ಅದರಲ್ಲೇ 21 ದಿನವೆಂದಿದೆ, ಅದನ್ನು ಆಮೇಲೆ ಯಾರೂ ತೆರೆದು ನೋಡಿಲ್ಲ.

ಕಡಿಮೆ ಅವಧಿಯ ನೋಟಿಸಿಗೆ ಸದಸ್ಯರು ಲಿಖಿತವಾಗಿ ಅಥವಾ ವಿದ್ಯುನ್ಮಾನ ರೂಪದಲ್ಲಿ ಒಪ್ಪಿಗೆ ಕೊಡಬಹುದು. ವಿಶೇಷ ಮಹಾಸಭೆಗಾದರೆ ಮತದ ಹಕ್ಕುಳ್ಳ ಸದಸ್ಯರಲ್ಲಿ ತಲೆ ಲೆಕ್ಕದಲ್ಲಿ ಹೆಚ್ಚಿನವರು ಒಪ್ಪಬೇಕು, ಜೊತೆಗೆ ಅವರ ಕೈಯಲ್ಲಿ ಮತದ ಹಕ್ಕಿರುವ ಬಂಡವಾಳದ ಶೇಕಡ 95 ಇರಬೇಕು. ತಂಗಿಯ “ಸರಿ ಅಣ್ಣ” ಎಂಬುದನ್ನು ಇಂಥ ಒಪ್ಪಿಗೆ ಎಂದು ತೋರಿಸುವ ಪ್ರಯತ್ನ ನಡೆಯಿತು. ವಿಷಯವೇನೆಂದು ತಿಳಿಸದ ಸಂದೇಶಕ್ಕೆ ಕೊಟ್ಟ ಉತ್ತರ ಒಪ್ಪಿಗೆಯಾಗುವುದು ಹೇಗೆಂಬ ಪ್ರಶ್ನೆಯನ್ನು ಬದಿಗಿಟ್ಟು, ವಾದಕ್ಕಾಗಿ ಒಪ್ಪಿಕೊಂಡರೂ ಲೆಕ್ಕ ಕೂಡುವುದಿಲ್ಲ: ಅಣ್ಣನ 40, ಸೋದರಳಿಯನ 8, ತಂಗಿಯ 15, ತಂದೆಯ ಷೇರಿನ 12 ಎಲ್ಲ ಸೇರಿ ಶೇಕಡ 75. ತಮ್ಮನ 25 ಇಲ್ಲದೆ 95 ಆಗುವ ಸಾಧ್ಯತೆಯೇ ಇಲ್ಲ.

ವಾಟ್ಸ್ಆ್ಯಪ್ ಸಂದೇಶ ನೋಟಿಸ್ ಆಗಬಹುದೇ ಎಂಬುದು ಈಗ ಬಹಳ ಕಡೆ ಕೇಳಿಬರುವ ಪ್ರಶ್ನೆ. 2014ರ ಆಡಳಿತ ನಿಯಮಗಳ 18ನೇ ನಿಯಮ ವಿದ್ಯುನ್ಮಾನ ನೋಟಿಸನ್ನು ವಿವರಿಸುವಾಗ, ಸದಸ್ಯನು ಕೊಟ್ಟಿರುವ ಇಮೇಲ್ ವಿಳಾಸಕ್ಕೆ, ತಲುಪಿದ ದಾಖಲೆ ಉಳಿಯುವಂತೆ ಕಳುಹಿಸಿದ್ದನ್ನು ಹೇಳುತ್ತದೆ. ಮನೆಯವರ ಗುಂಪಿನಲ್ಲಿ ಹಾಕಿದ ಒಂದು ಸಾಲು ಆ ವಿವರಣೆಗೆ ಹೊಂದುವುದಿಲ್ಲ. ಹೊಂದುತ್ತದೆಂದರೂ ಈ ಸಂದೇಶದಲ್ಲಿ ಸಭೆಯ ವಿಷಯವಿರಲಿಲ್ಲ, ಕಲಂ 102 ಕೇಳುವ ವಿವರಣಾ ಹೇಳಿಕೆ ಇರಲಿಲ್ಲ, ಯಾರನ್ನು ತೆಗೆಯಬೇಕೆಂದಿದ್ದರೋ ಅವನಿಗೆ ಅದು ಹೋಗಿಯೇ ಇರಲಿಲ್ಲ. ಕಣ್ತಪ್ಪಿನಿಂದ ಒಬ್ಬರಿಗೆ ನೋಟಿಸ್ ಹೋಗದಿದ್ದರೆ ಸಭೆ ಕೆಡುವುದಿಲ್ಲವೆಂಬ ರಿಯಾಯಿತಿ ಕಾಯ್ದೆಯಲ್ಲಿದೆ; ಸಭೆಯ ಮುಖ್ಯ ವಿಷಯವೇ ಆಗಿರುವ ಮನುಷ್ಯನನ್ನು ಬಿಟ್ಟದ್ದು ಕಣ್ತಪ್ಪು ಎಂದರೆ ನಂಬುವವರು ಕಡಿಮೆ.

ಈ ಅಂಶದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ನಮ್ಮ ಕುಟುಂಬ ಕಂಪನಿಗಳಲ್ಲಿ ನೋಟಿಸನ್ನು ಆಡಿಟರು ಕೇಳುವ ಕಾಗದವೆಂದು ಬಗೆಯುವುದೇ ಹೆಚ್ಚು. ಆದರೆ ಕಲಂ 114 ನಿರ್ಣಯ ಗೆದ್ದಿತೇ ಸೋತಿತೇ ಎಂಬುದನ್ನು ಚಲಾಯಿಸಿದ ಮತಗಳ ಮೇಲೆ ಮಾತ್ರ ಅಳೆಯುತ್ತದೆ. ಬಾರದವರ, ಬಂದು ಮತ ಹಾಕದವರ ಷೇರುಗಳು ಎಣಿಕೆಯಲ್ಲೇ ಇಲ್ಲ. ಪ್ರೈವೇಟ್ ಕಂಪನಿಗೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಬ್ಬರು ಸದಸ್ಯರು, ಅಣ್ಣ ಮತ್ತು ಸೋದರಳಿಯ ಇದ್ದುದರಿಂದ ಅದು ಪೂರೈಸಿತ್ತು. ಹಾಗಾಗಿ ಆ ದಿನ ಅವರಿಬ್ಬರ 24,000 ಮತಗಳ ಎದುರಿಗೆ ಒಂದೂ ಮತವಿರಲಿಲ್ಲ, ಲೆಕ್ಕದ ಪ್ರಕಾರ ಎರಡೂ ನಿರ್ಣಯಗಳಿಗೆ ನೂರಕ್ಕೆ ನೂರು ಬೆಂಬಲ. ನೋಟಿಸ್ ಸರಿಯಾಗಿದ್ದು ತಮ್ಮ, ತಂಗಿ ಕೋಪಿಸಿಕೊಂಡು ದೂರ ಉಳಿದಿದ್ದರೆ, ವಿರೋಧದ ಮೂರು ಪಟ್ಟು ಮತ ಬೇಕಾದ ವಿಶೇಷ ನಿರ್ಣಯವೂ ಹೀಗೆಯೇ ಪಾಸಾಗುತ್ತಿತ್ತು. ಬಂದವರ ಮತವನ್ನಷ್ಟೇ ಎಣಿಸುವ ಕಾನೂನು, ಬರುವ ಅವಕಾಶ ಪ್ರತಿಯೊಬ್ಬರಿಗೂ ಸಿಕ್ಕಿತ್ತೇ ಎಂದು ಅಷ್ಟು ಕಟ್ಟುನಿಟ್ಟಾಗಿ ಕೇಳುವುದು ಅದಕ್ಕೇ. ಮಹಾಸಭೆಯನ್ನು ಬಹಿಷ್ಕರಿಸುವುದು ಎದುರಾಳಿಗೆ ಸಹಾಯ ಮಾಡಿದಂತೆ ಎಂಬುದನ್ನು ಕಿರಿಯ ಪಾಲುದಾರರಿಗೆ ಯಾರೂ ಹೇಳುವುದಿಲ್ಲ.

ತೆಗೆದುಹಾಕುವ ನಿರ್ಣಯ, ಹಂಚುವ ನಿರ್ಣಯ

ನಿರ್ದೇಶಕನನ್ನು ಅವಧಿಗೆ ಮುನ್ನ ತೆಗೆಯಲು ಸಾಮಾನ್ಯ ನಿರ್ಣಯ ಸಾಕು (ಕಲಂ 169). ಪರವಾದ ಮತ ವಿರುದ್ಧದ ಮತಕ್ಕಿಂತ ಹೆಚ್ಚಿದ್ದರೆ ಆಯಿತು. ಅದಕ್ಕೆ ಬದಲಾಗಿ ಕಾನೂನು ಕೇಳುವುದು ಒಂದಿಷ್ಟು ಸಾವಧಾನವನ್ನು. ಶೇಕಡ ಒಂದರಷ್ಟಾದರೂ ಮತಬಲವಿರುವ ಅಥವಾ ನಿಗದಿತ ಮೊತ್ತದ ಷೇರುಳ್ಳ ಸದಸ್ಯರು ಸಭೆಗೆ ಕನಿಷ್ಠ 14 ದಿನ ಮೊದಲು ಕಂಪನಿಗೆ ವಿಶೇಷ ಸೂಚನೆ ಕೊಡಬೇಕು. ಕಂಪನಿ ಅದರ ಪ್ರತಿಯನ್ನು ಆ ನಿರ್ದೇಶಕನಿಗೆ ಕೂಡಲೇ ಕಳುಹಿಸಬೇಕು. ಅವನು ಲಿಖಿತ ಸಮಜಾಯಿಷಿ ಕೊಟ್ಟರೆ ಅದನ್ನು ಸದಸ್ಯರಿಗೆ ತಲುಪಿಸಬೇಕು. ಸಭೆಯಲ್ಲಿ ಅವನ ಮಾತನ್ನು ಕೇಳಬೇಕು. ಇವುಗಳಲ್ಲಿ ಒಂದೂ ನಡೆಯಲಿಲ್ಲ.

ವಿಚಿತ್ರವೆಂದರೆ ಅಣ್ಣನಿಗೆ ಇದೆಲ್ಲ ಮಾಡಿಯೂ ಗೆಲ್ಲುವ ಶಕ್ತಿಯಿತ್ತು. ತಂದೆಯ 6,000 ಷೇರುಗಳನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ, ಏಕೆಂದರೆ ವಾರಸುದಾರರಿಗೆ ಅಥವಾ ನಾಮಿನಿಗೆ ಸಭೆಯ ನೋಟಿಸ್ ಪಡೆಯುವ ಹಕ್ಕಿದ್ದರೂ ತಮ್ಮ ಹೆಸರು ಸದಸ್ಯರ ರಿಜಿಸ್ಟರಿನಲ್ಲಿ ದಾಖಲಾಗುವವರೆಗೆ ಮತದ ಹಕ್ಕಿಲ್ಲ. ತಾಯಿ ಎತ್ತಿದ ಕೈಗೆ ಆ ದಿನ ಬೆಲೆಯಿರಲಿಲ್ಲ. ಅದನ್ನು ಬಿಟ್ಟರೂ 24,000 ಎದುರಿಗೆ 20,000. ಅಣ್ಣ ಗೆಲ್ಲುತ್ತಿದ್ದ. ಸೋದರಳಿಯ ಮನಸ್ಸು ಬದಲಿಸಿದರೆ ಮಾತ್ರ ಲೆಕ್ಕ ತಿರುಗಿ 20,000 ಎದುರಿಗೆ 24,000 ಆಗುತ್ತಿತ್ತು. ಶೇಕಡ 8 ಇದ್ದವನ ಕೈಯಲ್ಲಿ ಇಡೀ ತೀರ್ಮಾನವಿತ್ತು, ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿಯೇ ಇರಲಿಲ್ಲ.

ಷೇರು ಹಂಚಿಕೆಯ ಮಾತು ಬೇರೆ. ಹೊಸ ಷೇರುಗಳನ್ನು ಮೊದಲು ಇರುವ ಷೇರುದಾರರಿಗೇ ಅವರವರ ಪಾಲಿಗೆ ತಕ್ಕಂತೆ ಕೊಡಬೇಕು; ಬೇರೆಯವರಿಗೆ ಕೊಡಬೇಕಾದರೆ ಕಲಂ 62ರ ಪ್ರಕಾರ ವಿಶೇಷ ನಿರ್ಣಯವೂ ನೋಂದಾಯಿತ ಮೌಲ್ಯಮಾಪಕರ ವರದಿಯೂ ಬೇಕು, ಕಲಂ 42ರ ಖಾಸಗಿ ಹಂಚಿಕೆಯ ವಿಧಿಗಳನ್ನೂ ಪಾಲಿಸಬೇಕು. ವಿಶೇಷ ನಿರ್ಣಯಕ್ಕೆ ಪರವಾದ ಮತ ವಿರುದ್ಧದ ಮತದ ಮೂರು ಪಟ್ಟಾದರೂ ಇರಬೇಕು. ತಮ್ಮ, ತಂಗಿ ಬಂದು 20,000 ಮತ ವಿರುದ್ಧ ಹಾಕಿದರೆ 60,000 ಬೇಕು. ಕಂಪನಿಯಲ್ಲಿ ಇರುವುದೇ 50,000. ತಮ್ಮನೊಬ್ಬನೇ ಬಂದು 12,500 ಮತ ವಿರುದ್ಧ ಹಾಕಿದರೂ 37,500 ಬೇಕು. ಅಂದರೆ ಈ ನಿರ್ಣಯ ತಮ್ಮನ ಗೈರುಹಾಜರಿಯಲ್ಲಿ ಮಾತ್ರ ಪಾಸಾಗುವಂಥದು.

40,000 ಎಂಬ ಸಂಖ್ಯೆಯನ್ನೂ ಸುಮ್ಮನೆ ಆರಿಸಿದ್ದಲ್ಲ. ಹಂಚಿಕೆಯಾದ ಮೇಲೆ ಒಟ್ಟು 90,000 ಷೇರುಗಳಲ್ಲಿ ತಮ್ಮ, ತಂಗಿಯರ ಪಾಲು ಶೇಕಡ 40ರಿಂದ 22.2ಕ್ಕೆ ಇಳಿಯುತ್ತದೆ. ಮುಂದಿನ ಸಭೆಯಲ್ಲಿ ಅಣ್ಣ, ಅವನ ಮಗ ಮತ್ತು ಸೋದರಳಿಯ ಸೇರಿ 64,000 ಮತ, ವಿರುದ್ಧ 20,000. ಮೂರು ಪಟ್ಟಿನ ಗೆರೆ ದಾಟಿತು. ತಂಗಿಯೊಬ್ಬಳ ಪಾಲು 15ರಿಂದ 8.3ಕ್ಕೆ ಇಳಿದು, ತಾನೊಬ್ಬಳೇ ಮಹಾಸಭೆಗೆ ಬೇಡಿಕೆ ಇಡುವ ಹಕ್ಕು ಹೋಗುತ್ತದೆ. ಪೋಲ್, ಅಂದರೆ ತಲೆಯ ಬದಲು ಷೇರುಗಳ ಲೆಕ್ಕದ ಮತದಾನ, ಕೇಳುವ ಹಕ್ಕು ಮಾತ್ರ ಉಳಿಯುತ್ತದೆ, ಏಕೆಂದರೆ ಅದಕ್ಕೆ ಹತ್ತನೇ ಒಂದು ಮತಬಲ ಇಲ್ಲದಿದ್ದರೂ 5 ಲಕ್ಷ ರೂಪಾಯಿಯ ಪಾವತಿತ ಷೇರು ಸಾಕು, ಅವಳದು 7.5 ಲಕ್ಷ. ತಮ್ಮನಿಗೆ ನಿರ್ದೇಶಕ ಸ್ಥಾನ ಹೋದದ್ದೇ ದೊಡ್ಡ ಅವಮಾನವಾಗಿ ಕಂಡಿತ್ತು. ನಿಜವಾದ ಹೊಡೆತ ಇಲ್ಲಿತ್ತು.

ದಾರಿಯ ಆಯ್ಕೆ

ಪ್ರತಿಯಾಗಿ ಸಭೆ ಕರೆಯುವಂತೆ ಬೇಡಿಕೆ ಇಡುವ ಯೋಚನೆ ತಮ್ಮನಿಗಿತ್ತು. ಸೋದರಳಿಯ ಆ ಕಡೆ ಇರುವವರೆಗೆ ಅಲ್ಲಿ ಸೋಲೇ ಗತಿ, ಅಲ್ಲದೆ ಒಮ್ಮೆ ಹಂಚಿದ ಷೇರನ್ನು ಮಹಾಸಭೆಯ ನಿರ್ಣಯವೊಂದರಿಂದ ಅಳಿಸಿಹಾಕಲಾಗದು. ಸಿವಿಲ್ ಕೋರ್ಟಿನ ಬಾಗಿಲನ್ನು ಇಂಥ ವಿಷಯಗಳಲ್ಲಿ ಕಲಂ 430 ಮುಚ್ಚಿದೆ. ಉಳಿದದ್ದು ಕಫ್ ಪರೇಡಿನಲ್ಲಿರುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂಬೈ ಪೀಠಕ್ಕೆ ದಬ್ಬಾಳಿಕೆ ಮತ್ತು ದುರಾಡಳಿತದ ಅರ್ಜಿ. ಅರ್ಜಿ ಹಾಕಲು ಹತ್ತನೇ ಒಂದು ಬಂಡವಾಳ ಅಥವಾ ಸದಸ್ಯರ ಸಂಖ್ಯೆಯ ಹತ್ತನೇ ಒಂದು ಭಾಗವಿರಬೇಕು. ಬೆರಳೆಣಿಕೆಯ ಸದಸ್ಯರಿರುವ ಕಂಪನಿಯಲ್ಲಿ ಒಬ್ಬನೇ ಸದಸ್ಯ ಈ ಎರಡನೆಯ ಅಳತೆಗೆ ಸಲ್ಲುತ್ತಾನೆ.

ಅರ್ಜಿಯನ್ನು ಯಾವುದರ ಮೇಲೆ ನಿಲ್ಲಿಸಬೇಕೆಂಬುದರಲ್ಲಿ ವಕೀಲರ ವಿವೇಕ ಕಂಡಿತು. ನೋಟಿಸಿನ ದೋಷವನ್ನೇ ಮುಂದುಮಾಡುವುದು ಸುಲಭವಾಗಿತ್ತು. ಆದರೆ ಕಾನೂನುಬಾಹಿರವಾದದ್ದೆಲ್ಲ ದಬ್ಬಾಳಿಕೆಯಲ್ಲವೆಂದು ಸುಪ್ರೀಂ ಕೋರ್ಟ್ 1981ರ ನೀಡಲ್ ಇಂಡಸ್ಟ್ರೀಸ್ ತೀರ್ಪಿನಲ್ಲಿ ಹೇಳಿದೆ. ಹುದ್ದೆಯಿಂದ ತೆಗೆದದ್ದೊಂದೇ ದಬ್ಬಾಳಿಕೆ ಎನಿಸದೆಂದು 2021ರ ಮಾರ್ಚ್‌ನಲ್ಲಿ ಟಾಟಾ ಪ್ರಕರಣದಲ್ಲಿ ಹೇಳಿದೆ. ಅದಕ್ಕಿಂತ ಬಲವಾದ ಆಧಾರ 2004ರ ಡೇಲ್ ಆ್ಯಂಡ್ ಕ್ಯಾರಿಂಗ್ಟನ್ ತೀರ್ಪಿನಲ್ಲಿತ್ತು: ನಿರ್ದೇಶಕನ ಅಧಿಕಾರ ಕಂಪನಿಯ ಹಿತಕ್ಕಾಗಿ ನಂಬಿ ಕೊಟ್ಟದ್ದು, ಅದನ್ನು ಕಂಪನಿಯ ಹಿಡಿತ ತನ್ನ ಕೈಗೆ ಬರುವಂತೆ ಷೇರು ಹಂಚಿಕೊಳ್ಳಲು ಬಳಸಿದರೆ ಹಂಚಿಕೆ ನಿಲ್ಲುವುದಿಲ್ಲ. ಆದ್ದರಿಂದ ಅರ್ಜಿಯ ಮುಂಭಾಗದಲ್ಲಿ ಷೇರು ಹಂಚಿಕೆಯನ್ನು, ಅದರ ಬೆಲೆಯನ್ನು, ಆ ಹಣ ಕಂಪನಿಗೆ ಬೇಕಿತ್ತೇ ಎಂಬುದನ್ನು ಇಟ್ಟು, ನೋಟಿಸಿನ ದೋಷವನ್ನು ಉದ್ದೇಶಕ್ಕೆ ಸಾಕ್ಷಿಯಾಗಿ ಹಿಂದೆ ಇಡಲಾಯಿತು. ಪೋರ್ಟಲ್‌ನಲ್ಲಿ ಫಾರಂಗಳು ದಾಖಲಾಗಿವೆ ಎಂಬ ಅಣ್ಣನ ಉತ್ತರಕ್ಕೆ ಹೆಚ್ಚು ತೂಕವಿರಲಿಲ್ಲ. ಸಲ್ಲಿಕೆ ನಿರ್ಣಯದ ಸುದ್ದಿಯನ್ನು ತಿಳಿಸುತ್ತದೆ, ನಿರ್ಣಯವನ್ನು ಊರ್ಜಿತಗೊಳಿಸುವುದಿಲ್ಲ.

ವಿಚಾರಣೆ ಪೂರ್ಣವಾಗುವ ಮುಂಚೆ ಎರಡೂ ಕಡೆಯವರು ರಾಜಿಗೆ ಬಂದು ಒಪ್ಪಂದದ ಷರತ್ತುಗಳನ್ನು ನ್ಯಾಯಮಂಡಳಿಗೆ ಸಲ್ಲಿಸಿದರು. ಕಲಂ 242ರ ಅಡಿಯ ಆದೇಶದಿಂದ ಹಂಚಿಕೆ ರದ್ದಾಗಿ, ರಿಜಿಸ್ಟರು ತಿದ್ದುಪಡಿಯಾಗಿ, ಹಣ ಹಿಂದಿರುಗಿತು. ಆಗಸ್ಟ್ 18ರ ಸಭೆಯನ್ನು ನಡೆದೇ ಇಲ್ಲವೆಂದು ಪರಿಗಣಿಸಲು ಎಲ್ಲರೂ ಒಪ್ಪಿದರು. ತಂದೆಯ ಷೇರುಗಳು ನಾಮಿನಿಯಾದ ತಾಯಿಯ ಹೆಸರಿಗೆ ದಾಖಲಾದವು. ನಾಮಿನಿಯಾದ ಮಾತ್ರಕ್ಕೆ ಆ ಷೇರುಗಳು ಉತ್ತರಾಧಿಕಾರದ ಕಾನೂನನ್ನು ಮೀರಿ ಅವರವೇ ಆಗುವುದಿಲ್ಲವೆಂದು ಮುಂಬೈಯಿಂದಲೇ ಹೋದ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಆ ಪಾಲಿನ ಮಾತನ್ನು ಮಕ್ಕಳು ಮುಂದಕ್ಕೆ ಇಟ್ಟುಕೊಂಡರು.

ತಮ್ಮನ ನಿರ್ದೇಶಕ ಸ್ಥಾನದ ಬಗ್ಗೆ ರಾಜಿಯಾಗಲಿಲ್ಲ. ಅದನ್ನು ಹೊಸ ಸಭೆಗೇ ಬಿಟ್ಟರು. ಈ ಬಾರಿ ಮಂಡಳಿ ಸೇರಿತು, ವಿಶೇಷ ಸೂಚನೆ ಹೋಯಿತು, 21 ಪೂರ್ಣ ದಿನಗಳ ನೋಟಿಸ್ ವಿವರಣಾ ಹೇಳಿಕೆಯೊಂದಿಗೆ ಎಲ್ಲರಿಗೂ ಆಡಿಟರಿಗೂ ತಲುಪಿತು, ತಮ್ಮನ ಲಿಖಿತ ಸಮಜಾಯಿಷಿಯೂ ಜೊತೆಗೆ ಹೋಯಿತು. ತಂಗಿ ತನ್ನ ಬದಲಿಗೆ ಪ್ರಾಕ್ಸಿಯನ್ನು (ಪ್ರತಿನಿಧಿಯನ್ನು) ಕಳುಹಿಸುವುದನ್ನು ಯೋಚಿಸಿದ್ದಳು. ಪ್ರಾಕ್ಸಿಗೆ ಸಭೆಯಲ್ಲಿ ಮಾತನಾಡುವ ಹಕ್ಕಿಲ್ಲ, ಕೈ ಎತ್ತುವ ಮತದಾನದಲ್ಲಿ ಮತವೂ ಇಲ್ಲ ಎಂದು ತಿಳಿದ ಮೇಲೆ ಮತ್ಸ್ಯಗಂಧ ರೈಲು ಹತ್ತಿ ತಾನೇ ಬಂದಳು. ತಾಯಿ ಊರಿನಲ್ಲೇ ಉಳಿದರು, ಪ್ರಾಕ್ಸಿಯನ್ನೂ ಕಳುಹಿಸಲಿಲ್ಲ. ಕೈ ಎತ್ತಿದಾಗ ಇಬ್ಬರಿಗೆ ಇಬ್ಬರು. ಪೋಲ್ ಕೇಳಲಾಯಿತು, ದಾದರಿನ ಒಬ್ಬ ಕಂಪನಿ ಸೆಕ್ರೆಟರಿ ಪರಿಶೀಲಕರಾಗಿ ಮತಪತ್ರ ಎಣಿಸಿದರು: ಪರವಾಗಿ 24,000, ವಿರುದ್ಧ 20,000. ಮೊದಲ ದಿನವೇ ಕ್ರಮದಲ್ಲಿ ಹೋಗಿದ್ದರೆ ಸಿಗಬಹುದಾಗಿದ್ದ ಫಲವನ್ನು ಅಣ್ಣ ಇಷ್ಟು ತಡವಾಗಿ, ವಕೀಲರ ಖರ್ಚು ಕಳೆದು ಪಡೆದ. ನೌಕರಿಯ ಕರಾರಿನ ಪ್ರಕಾರ ತಮ್ಮನಿಗೆ ಬರಬೇಕಾದ ಪರಿಹಾರ ಈ ನಿರ್ಣಯದಿಂದ ಹೋಗುವುದಿಲ್ಲವಾದ್ದರಿಂದ ಅದರ ಮಾತುಕತೆ ಬೇರೆಯಾಗಿ ನಡೆಯಿತು.

ಅದೇ ಸಭೆಯ ಕೊನೆಯ ವಿಷಯವಾಗಿ, ಆರ್ಟಿಕಲ್ಸ್ ತಿದ್ದಿ ಮಹಾಸಭೆಯ ನೋಟಿಸನ್ನು 21ರಿಂದ ಏಳು ದಿನಕ್ಕೆ ಇಳಿಸುವ ಪ್ರಸ್ತಾವವನ್ನೂ ಅಣ್ಣ ಇಟ್ಟಿದ್ದ. ಆರ್ಟಿಕಲ್ಸ್ ತಿದ್ದುಪಡಿಗೆ ವಿಶೇಷ ನಿರ್ಣಯ ಬೇಕು. ನಿರ್ದೇಶಕ ಸ್ಥಾನ ಕಳೆದುಕೊಂಡ ತಮ್ಮ ಷೇರುದಾರನಾಗಿ ಅಲ್ಲೇ ಕೂತಿದ್ದು ತಂಗಿಯೊಂದಿಗೆ ವಿರುದ್ಧ ಮತ ಹಾಕಿದ. ಪರವಾಗಿ 24,000, ವಿರುದ್ಧ 20,000, ಬೇಕಾದದ್ದು 60,000. ಪ್ರಸ್ತಾವ ಬಿದ್ದುಹೋಯಿತು.